ಗಣಿತಕ್ಕೆ ಭಾಷೆಯಿಲ್ಲ ಎನ್ನುವ ಪಂಡಿತರೇ, ಈ ಕೋನ ಎಷ್ಟು ಹೇಳಿ!

ಗಣಿತಕ್ಕೆ ಭಾಷೆಯೇ ಇಲ್ಲವಂತೆ!

ಈ ಮಾತನ್ನು ನೀವೂ ಕೇಳಿರುತ್ತೀರಿ. ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿ ಸಾಲದ ಕಂತು ಕಟ್ಟುತ್ತಿರುವ ಅಪ್ಪ ಹೇಳುತ್ತಾನೆ. ಬೀದಿಬೀದಿಗೆ ಟ್ಯೂಶನ್ ಅಂಗಡಿ ತೆರೆದು ಕೂತವನು ಹೇಳುತ್ತಾನೆ. ನವೆಂಬರ್ ತಿಂಗಳಲ್ಲಿ ವೇದಿಕೆ ಹತ್ತಿ ಕನ್ನಡ ಅನ್ನದ ಭಾಷೆಯಾಗಬೇಕು ಎಂದು ಗಂಟಲು ಹರಿದುಕೊಳ್ಳುವ ಮಹನೀಯರೂ ಕೆಳಗಿಳಿದ ಮೇಲೆ ಮೆಲ್ಲಗೆ ಇದನ್ನೇ ಹೇಳುತ್ತಾರೆ: "ಕತೆ ಕವಿತೆಗೆ ಕನ್ನಡ ಸರಿ ಸ್ವಾಮಿ. ಗಣಿತಕ್ಕೆ ಯಾವ ಭಾಷೆ ಆದರೇನು? ಅಲ್ಲಿರೋದು ಬರೀ ಎಕ್ಸು, ವೈ, ನಾಲ್ಕು ಅಂಕಿ, ಎರಡು ಗೆರೆ. ಇಂಗ್ಲಿಷಿನಲ್ಲೇ ಕಲಿತುಬಿಡಲಿ."

ಇದು ಶುದ್ಧ ಸುಳ್ಳು. ನಾನು ಹೇಳಿದೆ ಅಂತ ನೀವು ನಂಬಬೇಕಾಗಿಲ್ಲ. ಲೆಕ್ಕ ಮಾಡಿಯೇ ತೋರಿಸುತ್ತೇನೆ. ಒಂದು ಪೆನ್ನು, ಒಂದು ಹಾಳೆ ತಗೊಳ್ಳಿ. ಬಸ್ಸಿನಲ್ಲಿ ನಿಂತು ಓದುತ್ತಿದ್ದೀರಾ? ಟಿಕೆಟ್ಟಿನ ಹಿಂಭಾಗವೇ ಸಾಕು.

ಎರಡು ರೈಲು ಹಳಿಗಳನ್ನು ಬರೆಯಿರಿ. ಒಂದು ಮೇಲೆ, ಒಂದು ಕೆಳಗೆ, ಎಷ್ಟು ದೂರ ಹೋದರೂ ಸೇರದ ಹಾಗೆ. ಪುಸ್ತಕದಲ್ಲಿ ಇದಕ್ಕೆ ಸಮಾಂತರ ರೇಖೆಗಳು ಎನ್ನುತ್ತಾರೆ. ಈಗ ಅವೆರಡನ್ನೂ ಓರೆಯಾಗಿ ದಾಟಿಹೋಗುವ ಮೂರನೆಯ ಗೆರೆ ಎಳೆಯಿರಿ. ಇದು ಛೇದಕ. ಹಳಿಗಳ ನಡುವಿನ ಜಾಗದಲ್ಲಿ ನಾಲ್ಕು ಕೋನಗಳು ಸಿಕ್ಕವಲ್ಲ? ಮೇಲಿನ ಹಳಿಗೆ ತಾಗಿ ಎರಡು, ಕೆಳಗಿನ ಹಳಿಗೆ ತಾಗಿ ಎರಡು. ಈಗ ಪ್ರಶ್ನೆ. ಮೇಲಿನ ಒಂದು ಕೋನ 3ಕ + 10 ಡಿಗ್ರಿ. ಕೆಳಗಿನ ಒಂದು ಕೋನ 5ಕ − 30 ಡಿಗ್ರಿ. ಹಾಗಾದರೆ ಕ ಎಷ್ಟು?

ನಿಮ್ಮ ಬಳಿ ಉತ್ತರ ಸಿದ್ಧವಿದ್ದರೆ ನೀವು ತಪ್ಪು ಮಾಡಿದ್ದೀರಿ! ಯಾಕೆಂದರೆ ನಾನು ಪ್ರಶ್ನೆಯನ್ನು ಪೂರ್ತಿ ಹೇಳಿಲ್ಲ. ಒಂದು ಪದ ನುಂಗಿದ್ದೇನೆ.

ಆ ಎರಡು ಕೋನಗಳು ಛೇದಕದ ಆ ಕಡೆ ಒಂದು, ಈ ಕಡೆ ಒಂದು ಇವೆ ಅನ್ನಿ. ಆಗ ಅವು ಪರ್ಯಾಯ ಕೋನಗಳು. ಹಳಿಗಳು ಸಮಾಂತರವಾಗಿದ್ದರೆ ಪರ್ಯಾಯ ಕೋನಗಳು ಸಮ. 3ಕ + 10 = 5ಕ − 30. ಎರಡೂ ಕಡೆಯಿಂದ 3ಕ ತೆಗೆದು, ಎರಡೂ ಕಡೆಗೆ 30 ಕೂಡಿಸಿ. 40 = 2ಕ. ಕ ಎಂದರೆ 20. ಎರಡು ಕೋನಗಳೂ 70 ಡಿಗ್ರಿ.

ಅವೆರಡೂ ಛೇದಕದ ಒಂದೇ ಬದಿಯಲ್ಲಿವೆ ಅನ್ನಿ. ಆಗ ಅವು ಸಮವಲ್ಲ, ಎರಡೂ ಸೇರಿ 180. ಕೂಡಿಸಿ: 8ಕ − 20 = 180. 8ಕ = 200. ಕ ಎಂದರೆ 25. ಒಂದು ಕೋನ 85, ಇನ್ನೊಂದು 95.

ಅದೇ ಅಂಕಿ, ಅದೇ ಗೆರೆ, ಅದೇ ಕ. "ಪರ್ಯಾಯ" ಎಂಬ ಪದ ಹೋಗಿ "ಒಂದೇ ಬದಿ" ಎಂಬ ಪದ ಬಂತು. 20 ಇದ್ದದ್ದು 25 ಆಯಿತು! ಹಳಿಗಳು "ಸಮಾಂತರ" ಎಂಬ ಪದವನ್ನೂ ನುಂಗಿದ್ದರೆ ಸಮೀಕರಣವೇ ಹುಟ್ಟುತ್ತಿರಲಿಲ್ಲ. ಸಮಾಂತರವಲ್ಲದ ಗೆರೆಗಳಲ್ಲೂ ಪರ್ಯಾಯ ಕೋನಗಳು ಇರುತ್ತವೆ, ಆದರೆ ಅವು ಸಮ ಅಲ್ಲ. ಎಲ್ಲಿದೆ ಸ್ವಾಮಿ ಭಾಷೆಯಿಲ್ಲದ ಗಣಿತ? ಕೂಡುವುದು ಕಳೆಯುವುದು ಯಾವ ಮಗುವಿಗೆ ಬರುವುದಿಲ್ಲ? ಯಾವುದಕ್ಕೆ ಯಾವುದನ್ನು ಸಮ ಎಂದು ಬರೆಯಬೇಕು ಎನ್ನುವುದನ್ನು ಹೇಳುವುದು ಪದ. ಆ ಪದ ಮಗುವಿಗೆ ತಾಗದಿದ್ದರೆ ಎಕ್ಸ್ ಬಂದು ಕಾಪಾಡುವುದಿಲ್ಲ.

ಇದು ನನ್ನ ಮೈಮೇಲೆ ಬಂದು ಹೋದ ಸಂಗತಿ. ಎಸ್ಸೆಸ್ಸೆಲ್ಸಿವರೆಗೆ ತಾಲ್ಲೂಕು ಕೇಂದ್ರವೊಂದರಲ್ಲಿ ಕನ್ನಡದಲ್ಲಿ ಓದಿದವನು ನಾನು. ಗಣಿತದಲ್ಲಿ ಶಾಲೆಗೇ ಮೊದಲು. ಪಿಯುಸಿಗೆ ಬೆಂಗಳೂರಿಗೆ ಬಂದೆ. ಕಾಲೇಜಿನ ಹೆಸರು ಬೇಡ, ಅಂಥ ಕಾಲೇಜುಗಳಿಗೆ ಬರಗಾಲವಿಲ್ಲ. ಎರಡನೇ ವಾರ, ಹಳೆಯ ಪಾಠ ನೆನಪಿದೆಯೋ ನೋಡೋಣ ಎಂದು ಉಪನ್ಯಾಸಕರು ಬೋರ್ಡಿನ ಮೇಲೆ ಕತ್ತರಿಯ ಹಾಗೆ ಎರಡು ಗೆರೆ ಎಳೆದರು. ಮೇಲೆ ಒಂದು ಕೋನ 4ಕ − 20, ಕೆಳಗೆ ಎದುರಿನ ಕೋನ 2ಕ + 40. ಅವರು ಬರೆದದ್ದು ಎಕ್ಸ್, ನಾನು ಇಲ್ಲಿ ಕ ಅನ್ನುತ್ತಿದ್ದೇನೆ. "ವರ್ಟಿಕಲಿ ಆಪೊಸಿಟ್ ಆಂಗಲ್ಸ್" ಅಂದರು. ಬರೆದುಕೊಳ್ಳಿ ಅಂದರು.

ವರ್ಟಿಕಲ್ ಎಂದರೆ ಲಂಬ ಎಂದು ನಾನು ಎಲ್ಲೋ ಕಲಿತಿದ್ದೆ. ಲಂಬ ಎಂದರೆ 90 ಡಿಗ್ರಿ ಎಂಬುದು ಮೊದಲೇ ಗೊತ್ತು. 4ಕ − 20 = 90 ಎಂದು ಬರೆದೆ. ಕ = ಇಪ್ಪತ್ತೇಳೂವರೆ ಬಂತು. ಹಾಗಾದರೆ ಎದುರಿನ ಕೋನ 95. ಕತ್ತರಿಯ ಒಂದು ಬಾಯಿ 90 ತೆರೆದು ಇನ್ನೊಂದು ಬಾಯಿ 95 ತೆರೆಯುವುದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವರು ನನ್ನ ನೋಟ್‌ಬುಕ್ ಎತ್ತಿಕೊಂಡು ಇಡೀ ಕ್ಲಾಸಿಗೆ ಓದಿ ಹೇಳಿದರು. ನಗು. ಆಮೇಲೆ ಆ ಪ್ರಶ್ನೆ: "ಕನ್ನಡ ಮೀಡಿಯಮ್ಮಾ?"

ರಾತ್ರಿ ಹಾಸ್ಟೆಲಿನಲ್ಲಿ ಮಲಗಿದಾಗ ಹೊಳೆಯಿತು. ಅಯ್ಯೋ, ಇದು ನಮ್ಮ ಶೃಂಗಾಭಿಮುಖ ಕೋನ! ಒಂಬತ್ತನೇ ಕ್ಲಾಸಿನಲ್ಲಿ ನಾನೇ ಬೋರ್ಡಿನ ಮುಂದೆ ನಿಂತು ಸಾಧಿಸಿ ತೋರಿಸಿದ್ದ ಪ್ರಮೇಯ. ಸಾಧನೆ ಎಷ್ಟು ಸುಲಭ ಅಂದರೆ, ಎರಡು ಗೆರೆ ಕತ್ತರಿಸಿದಾಗ ಹುಟ್ಟುವ ನಾಲ್ಕು ಕೋನಗಳಿಗೆ ಸುತ್ತಲೂ ಕ, ಮ, ಗ, ಲ ಎಂದು ಹೆಸರಿಡಿ. ಕ ಮತ್ತು ಮ ಒಂದು ನೇರ ಗೆರೆಯ ಮೇಲೆ ಕೂತಿವೆ, ಹಾಗಾಗಿ ಕ + ಮ = 180. ಮ ಮತ್ತು ಗ ಇನ್ನೊಂದು ನೇರ ಗೆರೆಯ ಮೇಲೆ ಕೂತಿವೆ, ಮ + ಗ = 180. ಎರಡರಿಂದಲೂ ಮ ಕಿತ್ತುಹಾಕಿ. ಕ = ಗ. ಮುಗಿಯಿತು. 4ಕ − 20 = 2ಕ + 40 ಎಂದು ಬರೆದಿದ್ದರೆ ಒಂದೇ ಕ್ಷಣದಲ್ಲಿ ಕ = 30, ಎರಡೂ ಕೋನ 100 ಎಂದು ಬರುತ್ತಿತ್ತು. ಬೀಜಗಣಿತ ನನಗೆ ಬರುತ್ತಿತ್ತು. ರೇಖಾಗಣಿತ ಬರುತ್ತಿತ್ತು. ಅವೆರಡರ ನಡುವಿನ ಸೇತುವೆಯನ್ನು ರಾತ್ರೋರಾತ್ರಿ ಕಿತ್ತು ಬೇರೆ ಕಡೆ ಹಾಕಿದ್ದರು. ನಾನು ಹೇಗೋ ಈಜಿಕೊಂಡು ದಾಟಿದೆ. ನನ್ನ ಜೊತೆ ಬಂದ ಇಬ್ಬರು ಅದೇ ವರ್ಷ ವಿಜ್ಞಾನ ಬಿಟ್ಟರು. ತಮಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದೇ ಅವರು ಇವತ್ತಿಗೂ ನಂಬಿದ್ದಾರೆ.

ಇನ್ನೊಂದು ತಮಾಷೆ ಹೇಳುತ್ತೇನೆ. ಆ ಇಂಗ್ಲಿಷ್ ಪದದಲ್ಲಿರುವ "ವರ್ಟಿಕಲ್" ಲಂಬವೇ ಅಲ್ಲ. ಅದು ವರ್ಟೆಕ್ಸ್ ಎಂಬುದರಿಂದ ಬಂದದ್ದು, ಅಂದರೆ ಕೋನದ ತುದಿ, ಗೆರೆಗಳು ಕೂಡುವ ಬಿಂದು. ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ಕೇಳಿ ನೋಡಿ. ಅವರು ನಕ್ಕದ್ದು ನನ್ನ ಕನ್ನಡಕ್ಕೆ, ತಮ್ಮ ಇಂಗ್ಲಿಷಿನ ಅಜ್ಞಾನಕ್ಕಲ್ಲ!

ಹಾಗೆಂದು ನಮ್ಮ ಕಡೆಯವರೇನು ಸಾಚಾಗಳೇ? ಶೃಂಗಾಭಿಮುಖ ಎಂದರೆ ಏನು ಎಂದು ನನ್ನ ಮೇಷ್ಟರೂ ಹೇಳಿರಲಿಲ್ಲ. ಶೃಂಗ ಎಂದರೆ ಕೊಂಬು, ಎಮ್ಮೆಯ ಎರಡು ಕೊಂಬಿನ ಹಾಗೆ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಅದೃಷ್ಟಕ್ಕೆ ಚಿತ್ರ ಹೊಂದಿಕೊಂಡಿತು! ಮೊದಲು ಒಂದು ಕತ್ತರಿ ತೋರಿಸಿ, ಹಿಡಿ ಎಷ್ಟು ತೆರೆದರೆ ಬಾಯಿ ಅಷ್ಟೇ ತೆರೆಯುತ್ತದೆ ಎಂದು ಹೇಳಿ, "ಎದುರು ಕೋನ" ಎಂದು ಕರೆದು, ಆಮೇಲೆ ಪುಸ್ತಕದ ಹೆಸರು ಕೊಟ್ಟಿದ್ದರೆ ಏನು ಮುಳುಗಿಹೋಗುತ್ತಿತ್ತು?

ಪದಗಳಿಗಿಂತ ದೊಡ್ಡ ಪಾಪ ವಾಕ್ಯಗಳದ್ದು. ಕನ್ನಡ ಪುಸ್ತಕದಲ್ಲಿ ಪ್ರಶ್ನೆಗಳು ಹೇಗಿರುತ್ತವೆ ಗೊತ್ತಲ್ಲ? "ತನ್ನ ಪರಿಪೂರಕ ಕೋನದ ಅಳತೆಯ ಎರಡರಷ್ಟಕ್ಕಿಂತ ಹದಿನೈದು ಡಿಗ್ರಿಗಳಷ್ಟು ಕಡಿಮೆಯಿರುವಂತಹ ಕೋನದ ಅಳತೆಯನ್ನು ಕಂಡುಹಿಡಿಯಿರಿ" ಅನ್ನುವ ಜಾತಿ. ಇದು ಕನ್ನಡವೇ? ಇಂಗ್ಲಿಷ್ ವಾಕ್ಯವನ್ನು ಹಿಡಿದು, ಕಾಲು ಮೇಲೆ ತಲೆ ಕೆಳಗೆ ಮಾಡಿ, ಕನ್ನಡ ಅಕ್ಷರದ ಅಂಗಿ ತೊಡಿಸಿದ್ದಾರೆ. ಯಾವ ತಾಯಿ ಯಾವ ಮಗುವಿನ ಜೊತೆ ಹೀಗೆ ಮಾತಾಡುತ್ತಾಳೆ? ಇಂಗ್ಲಿಷ್ ಪಾಠ ಓದಿ ಅರ್ಥವಾಗದ ಮಗು ಕನ್ನಡಕ್ಕೆ ಬಂದರೆ ಇಲ್ಲಿ ಈ ಗೋಡೆ!

ಈಗ ಅದೇ ಪ್ರಶ್ನೆಯನ್ನು ಜನ ಮಾತಾಡುವ ಹಾಗೆ ಕೇಳೋಣ. "ನೆಲದ ಮೇಲೆ ಒಂದು ಕೋಲು ಓರೆಯಾಗಿ ನಿಂತಿದೆ. ಅದರ ಎಡಕ್ಕೆ ಒಂದು ಕೋನ, ಬಲಕ್ಕೆ ಒಂದು ಕೋನ. ಬಲಗಡೆಯದನ್ನು ಎರಡು ಸಲ ತಗೊಂಡು, ಅದರಲ್ಲಿ ಹದಿನೈದು ಕಳೆದರೆ ಎಡಗಡೆಯದು ಸಿಗುತ್ತದೆ. ಎರಡೂ ಎಷ್ಟೆಷ್ಟು?" ಇಷ್ಟೇ. ಬಲಗಡೆಯದು ಕ. ಎಡಗಡೆಯದು 2ಕ − 15. ಎರಡೂ ಸೇರಿ ನೇರ ಗೆರೆ, ಅಂದರೆ 180. 3ಕ − 15 = 180. 3ಕ = 195. ಕ = 65. ಎಡಗಡೆ 115. ಕೂಡಿಸಿ ನೋಡಿ, 180 ಬಂತು.

ಡಿಗ್ರಿ ಎಂದರೆ ಹೆದರುವ ಹುಡುಗನಿಗೆ ರೂಪಾಯಿ ಮಾಡಿ ಕೊಡಿ. ಅಣ್ಣ ತಮ್ಮ ಇಬ್ಬರಿಗೆ 180 ರೂಪಾಯಿ ಹಂಚಬೇಕು, ತಮ್ಮನ ಪಾಲಿನ ಎರಡರಷ್ಟಕ್ಕೆ ಹದಿನೈದು ಕಡಿಮೆ ಅಣ್ಣನಿಗೆ. ಕೆ.ಆರ್. ಮಾರುಕಟ್ಟೆಯಲ್ಲಿ ಅಪ್ಪನ ಜೊತೆ ಹೂವಿನ ಮೂಟೆ ಹೊರುವ ಹುಡುಗ ಪೆನ್ನಿಲ್ಲದೆ ಹೇಳುತ್ತಾನೆ! ನೇರ ಗೆರೆ ಅಂದರೆ 180ರ ಗಂಟು. ತ್ರಿಭುಜ ಅಂದರೂ 180ರ ಗಂಟೇ, ಆದರೆ ಪಾಲುದಾರರು ಮೂವರು. ಚತುರ್ಭುಜವನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ ಎರಡು ತ್ರಿಭುಜ, ಹಾಗಾಗಿ 360ರ ಗಂಟು, ನಾಲ್ವರು ಪಾಲುದಾರರು. ಯಾರ ಪಾಲು ಯಾರದ್ದರ ಎಷ್ಟರಷ್ಟು ಎಂದು ರೇಖಾಗಣಿತ ಹೇಳುತ್ತದೆ. ಹಂಚಿ ಕೊಡುವ ಕೆಲಸ ಬೀಜಗಣಿತದ್ದು. ಇದರಲ್ಲಿ ಇಂಗ್ಲಿಷ್ ಎಲ್ಲಿ ಬೇಕಾಯಿತು ಹೇಳಿ ನೋಡೋಣ.

"ಆದರೂ ಎಕ್ಸ್ ಇಂಗ್ಲಿಷ್ ಅಲ್ಲವೇ?" ಎಂದು ಕೇಳುವ ಜಾಣರಿದ್ದಾರೆ. ಅಲ್ಲ! ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್, ವೈ, ಝಡ್ ಎಂದು ಬರೆಯುವ ರೂಢಿ ಹಾಕಿದವನು ಫ್ರಾನ್ಸಿನ ಡೆಕಾರ್ಟ್, 1637ರಲ್ಲಿ. ಅವನಿಗಿಂತ ಸಾವಿರ ವರ್ಷ ಮೊದಲು, 628ರಲ್ಲಿ, ಬ್ರಹ್ಮಗುಪ್ತ ಗೊತ್ತಿಲ್ಲದ ಸಂಖ್ಯೆಗೆ ಅವ್ಯಕ್ತ ಎಂದು ಹೆಸರಿಟ್ಟು, ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಬಣ್ಣಗಳ ಹೆಸರಿಂದ ಗುರುತಿಸುತ್ತಿದ್ದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲ ಅವ್ಯಕ್ತ ಯಾವತ್ತಾವತ್, ಅಂದರೆ "ಎಷ್ಟೋ ಅಷ್ಟು". ಎರಡನೆಯದು ಕಾಲಕ, ಕಪ್ಪು. ಮೂರನೆಯದು ನೀಲಕ. ಬರೆಯುವಾಗ ಚುಟುಕಾಗಿ ಯಾ, ಕಾ, ನೀ. ಬಾಗ್ದಾದಿನ ಅಲ್ ಖ್ವಾರಿಜ್ಮಿ ಒಂಬತ್ತನೇ ಶತಮಾನದಲ್ಲಿ ಯಾವ ಅಕ್ಷರ ಸಂಕೇತವೂ ಇಲ್ಲದೆ, ಬರೀ ಮಾತಿನಲ್ಲೇ ಸಮೀಕರಣ ಬಿಡಿಸಿದ. ಅವನ ಪುಸ್ತಕದ ಹೆಸರಿನಲ್ಲಿದ್ದ ಅಲ್ ಜಬ್ರ್ ಎಂಬ ಪದವೇ ಇವರು ಬಾಯಿ ತುಂಬ ಹೇಳುವ ಆಲ್ಜೀಬ್ರಾ.

ಡೆಕಾರ್ಟ್ ತನ್ನ ಪುಸ್ತಕವನ್ನು ಯಾವ ಭಾಷೆಯಲ್ಲಿ ಬರೆದ ಎಂದು ಇವರಿಗೆ ಗೊತ್ತೇ? ಆಗ ಯೂರೋಪಿನ ಪಂಡಿತರ ಭಾಷೆ ಲ್ಯಾಟಿನ್. ಅವನು ಬರೆದದ್ದು ಫ್ರೆಂಚಿನಲ್ಲಿ, ತನ್ನ ಜನರ ಮಾತಿನಲ್ಲಿ. ಆ ಪುಸ್ತಕದ ವಿಷಯವೂ ಇದೇ, ರೇಖಾಗಣಿತದ ಸಮಸ್ಯೆಗಳನ್ನು ಬೀಜಗಣಿತದಿಂದ ಬಿಡಿಸುವುದು. ಅಂದರೆ ಎಕ್ಸ್ ರೂಢಿಗೆ ಬಂದದ್ದೇ ತಾಯ್ನುಡಿಯ ಪುಸ್ತಕದಿಂದ!

ಇಂಗ್ಲಿಷಿನ ಕತೆ ಇನ್ನೂ ಸೊಗಸಾಗಿದೆ. 1500ರ ಸುಮಾರಿನಲ್ಲಿ ಇಂಗ್ಲಿಷ್ ಎಂಬುದು ಇವತ್ತು ಇವರು ಕನ್ನಡವನ್ನು ನೋಡುವ ಹಾಗೆ ನೋಡಲ್ಪಡುತ್ತಿದ್ದ ಭಾಷೆ. ರೇಖಾಗಣಿತ ಬೇಕೇ? ಲ್ಯಾಟಿನ್ ಕಲಿತು ಬಾ. ಆಗ ರಾಬರ್ಟ್ ರೆಕಾರ್ಡ್ ಎಂಬ ವೈದ್ಯನಿದ್ದ. ಅವನು ಇಂಗ್ಲೆಂಡಿನವನೂ ಅಲ್ಲ, ವೇಲ್ಸ್ ನಾಡಿನ ಟೆನ್ಬಿ ಎಂಬ ಊರಿನವನು. ಲ್ಯಾಟಿನ್ ಬಾರದ ಸಾಮಾನ್ಯ ಜನರಿಗೆಂದು 1551ರಲ್ಲಿ ರೇಖಾಗಣಿತವನ್ನು ಇಂಗ್ಲಿಷಿನಲ್ಲಿ ಬರೆದ. ಪದಗಳು ಇರಲಿಲ್ಲ, ಕಟ್ಟಿದ. ಲಘುಕೋನಕ್ಕೆ "ಚೂಪು ಮೂಲೆ" ಅಂದ. ವಿಶಾಲಕೋನಕ್ಕೆ "ಮೊಂಡು ಮೂಲೆ" ಅಂದ. ವೃತ್ತವನ್ನು ತಾಗಿ ಹೋಗುವ ಸ್ಪರ್ಶಕಕ್ಕೆ "ಮುಟ್ಟುಗೆರೆ" ಅಂದ. ಸಮಾಂತರ ರೇಖೆಗಳಿಗೆ "ಅವಳಿ ಗೆರೆ" ಅಂದ. ಅವನ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಆದರೂ ಎಷ್ಟು ಸಲೀಸಾಗಿ ಬಂದು ಕೂತವು ನೋಡಿ. ನಮ್ಮ ಗಾರೆ ಮೇಸ್ತ್ರಿ ಮೂಲೆಮಟ್ಟ ಎನ್ನುತ್ತಾನಲ್ಲ, ಅದೇ ಧಾಟಿ.

ಆರು ವರ್ಷದ ಮೇಲೆ, 1557ರಲ್ಲಿ, ಅದೇ ರೆಕಾರ್ಡ್ ಬೀಜಗಣಿತದ ಪುಸ್ತಕ ಬರೆದ. ಅದೂ ಇಂಗ್ಲಿಷಿನಲ್ಲೇ. ಬರೆಯುತ್ತಾ ಬರೆಯುತ್ತಾ "ಇದು ಅದಕ್ಕೆ ಸಮ" ಎಂದು ಪ್ರತಿ ಸಲವೂ ಬರೆಯುವುದು ಅವನಿಗೆ ಬೇಸರವಾಯಿತು. ಅದರ ಬದಲು ಒಂದೇ ಉದ್ದದ ಎರಡು ಅವಳಿ ಗೆರೆ ಎಳೆದುಬಿಟ್ಟ, ಅವಕ್ಕಿಂತ ಹೆಚ್ಚು ಸಮವಾದವು ಬೇರೆ ಯಾವ ಎರಡೂ ಇರಲಾರವು ಎಂಬ ಕಾರಣ ಕೊಟ್ಟು. ಇವತ್ತು ಜಗತ್ತಿನ ಎಲ್ಲ ಮಕ್ಕಳು ಬರೆಯುವ ಸಮಚಿಹ್ನೆ ಅದು. ಬೀಜಗಣಿತದ ಆ ಗುರುತು ರೇಖಾಗಣಿತದ ಎರಡು ಗೆರೆಗಳಿಂದ ಎದ್ದು ಬಂದದ್ದು, ಅದೂ ಪಂಡಿತರು ಮೂಗು ಮುರಿಯುತ್ತಿದ್ದ ಭಾಷೆಯಲ್ಲಿ. ಪಾಪ, ಮರುವರ್ಷವೇ ಅವನು ಲಂಡನ್ನಿನ ಜೈಲಿನಲ್ಲಿ ಸತ್ತ. ಅವನ ಅವಳಿ ಗೆರೆ ಎಂಬ ಪದ ಉಳಿಯಲಿಲ್ಲ, ಗ್ರೀಕ್ ಮೂಲದ ಪ್ಯಾರಲಲ್ ಗೆದ್ದಿತು. ಚೂಪು ಮೂಲೆಯೂ ಸವೆದುಹೋಯಿತು. ಹಾಗಾಗಿ ಪರ್ಯಾಯ, ಅನುರೂಪ ಎಂಬ ಪದಗಳನ್ನೆಲ್ಲ ಸುಟ್ಟು ಹೊಸದು ಟಂಕಿಸೋಣ ಎಂದು ಹೊರಡುವ ನಮ್ಮ ಗೆಳೆಯರ ಜೊತೆ ನಾನಿಲ್ಲ. ಯಾವ ಪದ ಉಳಿಯಬೇಕು ಎಂದು ಮಕ್ಕಳ ಬಾಯಿ ತೀರ್ಮಾನಿಸಲಿ. ಆದರೆ ಅವನು ಬರೆದನಲ್ಲ, ನಾವು ಬರೆಯುತ್ತಿದ್ದೇವೆಯೇ?

ನಾವು ಮಾಡುತ್ತಿರುವುದು ಜಂಬ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಬರೆದ, ಸರಿ. ಸಂಸ್ಕೃತದಲ್ಲಿ ಬರೆದ. ಅಚ್ಚ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಬರೆದವನು ಹನ್ನೆರಡನೇ ಶತಮಾನದ ರಾಜಾದಿತ್ಯ. ಅವನ ಹೆಸರು ನಮ್ಮ ಸಂಘದ ಎಷ್ಟು ಹುಡುಗರಿಗೆ ಗೊತ್ತು? ಗೊತ್ತಿದ್ದರೂ ಪ್ರಯೋಜನವೇನು? ಎಂಟುನೂರು ವರ್ಷದ ಹಿಂದೆ ತಾತ ತುಪ್ಪ ತಿಂದಿದ್ದ ಎಂದು ಕೈ ಮೂಸಿಕೊಂಡರೆ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಕ ಸಿಗುವುದಿಲ್ಲ.

ಕನ್ನಡದಲ್ಲಿ ಹೇಳಿದರೆ ಸುಲಭದ ಲೆಕ್ಕ ಮಾತ್ರ ಆಗುತ್ತದೆ, ಆಳಕ್ಕೆ ಹೋಗಲಾಗದು ಎಂದು ಈಗ ಯಾರೋ ಗೊಣಗುತ್ತಿರುತ್ತಾರೆ. ಸರಿ, ಆಳಕ್ಕೇ ಇಳಿಯೋಣ. ಮುಂದಿನ ಲೆಕ್ಕದಲ್ಲಿ ಒಂದೇ ಒಂದು ಅಂಕಿಯನ್ನೂ ಕೊಡುವುದಿಲ್ಲ. ಆದರೂ ಕೋನ ಕಂಡುಹಿಡಿಯಬೇಕು.

ದೇವಸ್ಥಾನದ ಗೋಪುರದ ಹಾಗೆ ಎತ್ತರದ ಒಂದು ತ್ರಿಭುಜ ಬರೆಯಿರಿ. ಮೇಲೆ ತುದಿ, ಕೆಳಗೆ ಎಡಮೂಲೆ, ಬಲಮೂಲೆ. ತುದಿಯಿಂದ ಇಳಿಯುವ ಎರಡು ಬದಿಗಳೂ ಸಮ. ಈಗ ಎಡಮೂಲೆಯಿಂದ ಹೊರಟು ಎದುರಿನ ಬಲಗಡೆಯ ಬದಿಯನ್ನು ಮುಟ್ಟುವ ಒಂದು ಗೆರೆ ಎಳೆಯಿರಿ. ಮುಟ್ಟಿದ ಜಾಗಕ್ಕೆ ಗಂಟು ಎಂದು ಹೆಸರಿಡೋಣ. ಷರತ್ತು ಇಷ್ಟೇ: ತುದಿಯಿಂದ ಗಂಟಿಗೆ ಎಷ್ಟು ಉದ್ದವೋ, ಗಂಟಿನಿಂದ ಎಡಮೂಲೆಗೆ ಅಷ್ಟೇ ಉದ್ದ, ಎಡಮೂಲೆಯಿಂದ ಬಲಮೂಲೆಗೂ ಅಷ್ಟೇ ಉದ್ದ. ಮೂರೂ ಸಮ. ತುದಿಯ ಕೋನ ಎಷ್ಟು?

ಇಲ್ಲಿ ಕೋನಮಾಪಕ ಇಟ್ಟು ಅಳೆಯುವವನು ಸೋತ. ಕಣ್ಣಂದಾಜಿನಲ್ಲಿ ನಲವತ್ತು ಇರಬಹುದು ಎನ್ನುವವನೂ ಸೋತ. ಟ್ಯೂಶನ್ನಿನ ಗೈಡು ಬಾಯಿಪಾಠ ಮಾಡಿದವನಂತೂ ಯಾವ ಸೂತ್ರ ಹಾಕಬೇಕು ಎಂದು ಆಕಾಶ ನೋಡುತ್ತಾನೆ. ಗೊತ್ತಿಲ್ಲದ್ದಕ್ಕೆ ಧೈರ್ಯವಾಗಿ ಹೆಸರಿಡುವವನು ಗೆಲ್ಲುತ್ತಾನೆ. ತುದಿಯ ಕೋನ ಕ.

ತುದಿ, ಗಂಟು, ಎಡಮೂಲೆ, ಈ ಮೇಲಿನ ಸಣ್ಣ ತ್ರಿಭುಜದಲ್ಲಿ ಎರಡು ಬದಿ ಸಮ. ಎರಡು ಬದಿ ಸಮವಾದರೆ ಅವುಗಳ ಎದುರಿನ ಕೋನಗಳೂ ಸಮ. ಹಾಗಾಗಿ ಎಡಮೂಲೆಯ ಒಳಗೆ, ಗೆರೆಯ ಮೇಲ್ಗಡೆ ಇರುವ ಚೂರು ಕೋನವೂ ಕ. ಈಗ ಗಂಟಿನ ಬಳಿ ಬನ್ನಿ. ಅಲ್ಲಿ ಕೆಳಗಡೆಗೆ ತೆರೆದ ಕೋನ ಆ ಸಣ್ಣ ತ್ರಿಭುಜಕ್ಕೆ ಹೊರಕೋನ. ಹೊರಕೋನ ಎಂದರೆ ದೂರದ ಎರಡು ಒಳಕೋನಗಳ ಮೊತ್ತ. ಕ ಮತ್ತು ಕ, ಅಂದರೆ 2ಕ. ಇನ್ನು ಕೆಳಗಿನ ತ್ರಿಭುಜ: ಗಂಟು, ಎಡಮೂಲೆ, ಬಲಮೂಲೆ. ಅಲ್ಲೂ ಎರಡು ಬದಿ ಸಮ. ಹಾಗಾಗಿ ಬಲಮೂಲೆಯ ಕೋನ ಗಂಟಿನ ಕೋನಕ್ಕೆ ಸಮ, ಅದೂ 2ಕ. ಕೊನೆಗೆ ದೊಡ್ಡ ಗೋಪುರ. ಎರಡು ಬದಿ ಸಮ ಎಂದು ಮೊದಲೇ ಹೇಳಿದ್ದೇವೆ. ಹಾಗಾಗಿ ಎಡಮೂಲೆಯ ಇಡೀ ಕೋನ ಬಲಮೂಲೆಯದಕ್ಕೆ ಸಮ, ಅದೂ 2ಕ.

ಗಂಟು ಬಿಚ್ಚಿತು. ಮೂವರು ಪಾಲುದಾರರು: ಕ, 2ಕ, 2ಕ. ಒಟ್ಟು 5ಕ = 180. ಕ = 36!

ಯೂಕ್ಲಿಡ್ ತನ್ನ ನಾಲ್ಕನೇ ಪುಸ್ತಕದಲ್ಲಿ ಈ ತ್ರಿಭುಜವನ್ನು ಕಟ್ಟುವುದು ಹೇಗೆ ಎಂದು ಹೇಳಿ, ಅದರಿಂದಲೇ ವೃತ್ತದೊಳಗೆ ಐದು ಬದಿಯ ಸಮ ಆಕೃತಿ ಕೂರಿಸುತ್ತಾನೆ. ನೀವು ಪೆನ್ನೆತ್ತದೆ ಗೀಚುವ ಐದು ಮೂಲೆಯ ನಕ್ಷತ್ರ ಇದೆಯಲ್ಲ, ಅಚ್ಚುಕಟ್ಟಾಗಿ ಬರೆದರೆ ಅದರ ಪ್ರತಿ ಮೊನೆಯಲ್ಲೂ ಇರುವುದು ಇದೇ 36 ಡಿಗ್ರಿ. ಇದನ್ನು ಮೇಲೆ ಕನ್ನಡದಲ್ಲೇ ಹೇಳಿದೆನಲ್ಲ. ಎಲ್ಲಾದರೂ ಎಡವಿದಿರಾ? ಎಡವಿದ್ದರೆ ತಪ್ಪು ನನ್ನದು, ಕನ್ನಡದ್ದಲ್ಲ.

ಗೆಳೆಯರೇ, ಕೋರ್ಟು ಕಚೇರಿಯ ಕಡೆ ನೋಡಿಕೊಂಡು ಕೂತರೆ ಆಗುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಯಿತು. ಹೋರಾಟ ಮಾಡಿದ್ದಕ್ಕೆ ಪ್ರಶ್ನೆಪತ್ರಿಕೆಗಳು ಬಂದವು. 2017ರಲ್ಲಿ ನೀಟ್ ಕನ್ನಡದಲ್ಲಿ ಬಂತು, 2021ರಲ್ಲಿ ಜೆಇಇ ಮೇನ್ ಕನ್ನಡದಲ್ಲಿ ಬಂತು. ಪಟಾಕಿ ಹೊಡೆದೆವು. ಪ್ರಶ್ನೆ ಕನ್ನಡದಲ್ಲಿ ಬಂತು, ಪಾಠ ಎಲ್ಲಿ? ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವನಿಗೆ ಕೊನೆಯ ದಿನ ಕನ್ನಡದ ಪ್ರಶ್ನೆಪತ್ರಿಕೆ ಕೊಟ್ಟರೆ, ಅವನು ಶೃಂಗಾಭಿಮುಖ ಕಂಡು ನಾನು ವರ್ಟಿಕಲ್ ಕಂಡು ಬೆವೆತ ಹಾಗೆಯೇ ಬೆವೆಯುತ್ತಾನೆ. ಸೇತುವೆಯ ಎರಡೂ ಕಡೆ ಹಲಗೆ ಬೇಕು. ಪಿಯುಸಿಯ ಮೊದಲ ತಿಂಗಳು ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆಸಿ ಹೇಳಿಕೊಡಿ ಎಂದು ಕೇಳುವುದಕ್ಕೆ ನಮಗೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಾಗಿಲ್ಲ. ಪಠ್ಯಪುಸ್ತಕದಲ್ಲಿ "ಇರುವಂತಹ ಕೋನದ ಅಳತೆಯನ್ನು" ಎಂದು ಬರೆಯುವ ಅನುವಾದಕರನ್ನು ಮುತ್ತಿಗೆ ಹಾಕಿ, ಒಂದು ವಾಕ್ಯವನ್ನು ಎರಡಾಗಿ ಒಡೆಯಿರಿ ಸ್ವಾಮಿ ಎಂದು ಕೇಳಿದರೆ ಅದೂ ಕನ್ನಡ ಚಳವಳಿಯೇ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ತಮ್ಮಂದಿರೇ, ತಂಗಿಯರೇ, ಇದು ನಿಮಗೆ ಸಂಬಂಧವಿಲ್ಲ ಎಂದು ಪುಟ ತಿರುಗಿಸಬೇಡಿ. ಮನೆಯಲ್ಲಿ ತಂಗಿಗೆ ಲೆಕ್ಕ ಹೇಳಿಕೊಡುವಾಗ ನೀವು ಏನು ಮಾಡುತ್ತೀರಿ? "ನೋಡೇ, ಇಲ್ಲಿಂದ ಇಲ್ಲಿಗೆ ನೂರಾ ಎಂಬತ್ತು. ಅದರಲ್ಲಿ ಇದು ಹೋದರೆ ಎಷ್ಟು ಉಳೀತು?" ಇಂಗ್ಲಿಷ್ ಪುಸ್ತಕ ಎದುರಿಗೆ ತೆರೆದಿರುತ್ತದೆ, ಅರ್ಥವಾಗುವುದು ಮಾತ್ರ ಕನ್ನಡದಲ್ಲಿ. ನಿಮಗೆ ಎರಡು ಕಡೆಯ ಪದಗಳೂ ಗೊತ್ತು. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಮಕ್ಕಳಿಗೆ ಭಾನುವಾರ ಒಂದು ಗಂಟೆ ಕೊಡಿ. ಸಂಘದ ಕಚೇರಿ ಭಾನುವಾರ ಬೆಳಿಗ್ಗೆ ಹೇಗೂ ಕೇರಂ ಆಡುವುದಕ್ಕೆ ತೆರೆದಿರುತ್ತದೆ. ಬೋರ್ಡು ಬೇಕಿಲ್ಲ, ಕೇರಂ ಪೌಡರ್ ಚೆಲ್ಲಿ ಬೆರಳಲ್ಲಿ ಗೆರೆ ಎಳೆದರೂ ಆದೀತು.

ಶುರುಮಾಡುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ರಾಜ್ಯೋತ್ಸವಕ್ಕೆ ಸಮತಟ್ಟು ನೆಲದಲ್ಲಿ ನೆಟ್ಟಗೆ ಒಂದು ಧ್ವಜಕಂಬ ನೆಟ್ಟಿದ್ದೀರಿ. ಗಾಳಿಗೆ ಬೀಳದ ಹಾಗೆ ತುದಿಯಿಂದ ಎಡಕ್ಕೊಂದು, ಬಲಕ್ಕೊಂದು ಹಗ್ಗ ಬಿಗಿದು ಗೂಟಕ್ಕೆ ಕಟ್ಟಿದ್ದೀರಿ. ಎಡಗಡೆಯ ಹಗ್ಗ ಕಂಬದ ಜೊತೆ ಮಾಡುವ ಕೋನದ ಎರಡರಷ್ಟು ಕೋನವನ್ನು ನೆಲದ ಜೊತೆ ಮಾಡಿದೆ. ಬಲಗಡೆಯ ಹಗ್ಗ ನೆಲದ ಜೊತೆ ಮಾಡುವ ಕೋನ, ಅದು ಕಂಬದ ಜೊತೆ ಮಾಡುವ ಕೋನಕ್ಕಿಂತ 10 ಡಿಗ್ರಿ ಹೆಚ್ಚು. ಕಂಬದ ತುದಿಯಲ್ಲಿ ಎರಡು ಹಗ್ಗಗಳ ನಡುವೆ ಇರುವ ಕೋನ ಎಷ್ಟು? ಒಂದು ಕ ಸಾಲದು, ಜೊತೆಗೊಂದು ಮ ಬೇಕಾಗುತ್ತದೆ. ಉತ್ತರವನ್ನು ಪುಟದ ಕೆಳಗೆ ತಲೆಕೆಳಗಾಗಿ ಅಚ್ಚು ಹಾಕಿಲ್ಲ. ಎರಡು ಗೂಟಗಳ ಬಳಿಯ ಕೋನ, ತುದಿಯ ಕೋನ, ಮೂರನ್ನೂ ಕೂಡಿಸಿ. 180 ಬಾರದಿದ್ದರೆ ಮತ್ತೆ ಮೊದಲಿನಿಂದ ಮಾಡಿ.